ಬೋರ್ ಆದ ಇಂಜಿನ್, ಬಿಟ್ಟುಹೋದ ಅರ್ತ್ ವೈರ್

ನಮ್ಮ ಹಳೇ ಓಮ್ನಿ ಇಂಜಿನ್ ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕ್ಸಿ ಕೂರಿಸಿದ್ರು. ಕೀ ತಿರುಗಿಸಿದ್ರೆ ಸೆಲ್ಫ್ ತಿಣುಕ್ತಾ ತಿರುಗ್ತದೆ, ಆಕ್ಸಿಲರೇಟರ್ ಕೇಬಲ್ಲಿಂದ ಹೊಗೆ! ಮೆಕ್ಯಾನಿಕ್ಕು ಹೊಸ ಬ್ಯಾಟರಿ ಹಾಕಿ ಅಂದ. ಬ್ಯಾಟರಿಗೆ ಇನ್ನೂ ವರ್ಷ ತುಂಬಿಲ್ಲ ಕಣ್ರೀ.

ಇಂಜಿನ್ ಕೂರೋದು ರಬ್ಬರ್ ಮೌಂಟಿಂಗ್ ಮೇಲೆ. ಕರೆಂಟು ವಾಪಸ್ ಬ್ಯಾಟರಿಗೆ ಹೋಗೋಕೆ ದಪ್ಪ ಅರ್ತ್ ವೈರ್ ಬೇಕು. ಇಂಜಿನ್ ಇಳಿಸುವಾಗ ಬಿಚ್ಚಿದವರು ಮತ್ತೆ ಹಾಕೇ ಇಲ್ಲ. ಸೆಲ್ಫ್ ಎಳೆಯೋ ಕರೆಂಟೆಲ್ಲ ಆ ಸಣ್ಣ ಕೇಬಲ್ ಹಿಡಿದು ಹೋಗಿದೆ. ಕೇಬಲ್ ತುದಿಯಲ್ಲೇ ಪೆಟ್ರೋಲ್ ತುಂಬಿದ ಕಾರ್ಬೊರೇಟರ್. ಓಮ್ನಿಯಲ್ಲಿ ಇಂಜಿನ್ ಇರೋದೇ ನಾವು ಕೂರೋ ಸೀಟಿನ ಕೆಳಗೆ!

ಬ್ಯಾಟರಿ ಮೈನಸ್ಸಿಂದ ಇಂಜಿನ್ನಿಗೆ ನೇರ ಜಂಪರ್ ಕೊಟ್ಟು ನೋಡಿದೆ. ಒಂದೇ ಸಲಕ್ಕೆ ಸ್ಟಾರ್ಟು. ಆಮೇಲೆ ಪೇಂಟು, ತುಕ್ಕು ಕೆರೆದು ಅರ್ತ್ ವೈರ್ ಬಿಗಿದೆ. ಸುಟ್ಟ ಕೇಬಲ್ಲೂ ಬದಲಾಯಿಸಿದೆ. ಅದು ಒಳಗೆ ಕರಗಿ ಅಂಟಿಕೊಂಡ್ರೆ ಆಕ್ಸಿಲರೇಟರ್ ವಾಪಸ್ ಬರಲ್ಲ.