ಈಪರಿನ ಹೆಬ್ಬಾಗಿಲು

ಈಪರಿನಲ್ಲಿ ನನ್ನನ್ನು ಮೊದಲು ಎದುರುಗೊಂಡು ಕೆರಳಿಸಿದುವು ಚಾಕೊಲೇಟಿನ ಅಂಗಡಿಗಳು. ಬ್ರಸೆಲ್ಸಿನಿಂದ ರೈಲಿನಲ್ಲಿ ಬಂದ ದಾರಿಯ ವಿಷಯವಾಗಿ ಬರೆಯತಕ್ಕುದೇನೂ ಇಲ್ಲ: ಸಮತಟ್ಟಾದ ನೆಲ, ಜಿನುಗು ಮಳೆ, ಮೇಯುತ್ತಿದ್ದ ದನಗಳು, ಇಷ್ಟೆ. ಆದರೆ ಮೊದಲನೆಯ ಮಹಾಯುದ್ಧದಲ್ಲಿ ಲಕ್ಷಗಟ್ಟಲೆ ಯೋಧರು ಮಡಿದ ಕೆಸರುಹೊಲಗಳ ನಡುವೆ ನಿಂತಿರುವ ಈ ಪುಟ್ಟ ಬೆಲ್ಜಿಯನ್ ಪಟ್ಟಣದಲ್ಲಿ, ಆ ಹೊಲಗಳಲ್ಲಿ ಅರಳಿ ಮೃತರ ಸ್ಮರಣೆಗೆ ಸಂಕೇತವಾದ ಕೆಂಪು ಗಸಗಸೆಯ ಹೂವನ್ನೇ ಅಚ್ಚಿನಲ್ಲಿ ಹೊಯ್ದು, ಥಳಥಳಿಸುವ ಕಾಗದದಲ್ಲಿ ಸುತ್ತಿ, ಬೆಲೆಚೀಟಿ ಅಂಟಿಸಿ, ಗಾಜಿನ ಹಿಂದೆ ಸಾಲುಸಾಲಾಗಿ ಇರಿಸಿದ್ದುದನ್ನು ಕಂಡಾಗ, ಮರಣವನ್ನೂ ಸಿಹಿಮಾಡಿ ಮಾರಬಲ್ಲ ಮನುಷ್ಯನ ಜಾಣ್ಮೆಯ ಮೇಲೆ ನನಗೆ ಬಂದ ರೋಷವನ್ನು ಅಡಗಿಸುವುದು ಕಷ್ಟವಾಯಿತು.

ಆ ರೋಷವನ್ನು ಅಂಗಡಿಯ ಮುದುಕಿಯೊಡನೆ, ಸಭ್ಯತೆಯ ಮೇರೆ ಮೀರದಂತೆ, ತುಸು ಆಡಿಯೂ ತೋರಿಸಿದೆನು. ಆಕೆ ಸಿಟ್ಟಾಗಲಿಲ್ಲ. ಯುದ್ಧ ಮುಗಿದ ಮರುವರ್ಷ ತನ್ನ ಅಜ್ಜಿ ಊರಿಗೆ ಮರಳಿದಾಗ ಒರಗಿ ನಿಲ್ಲಲು ಒಂದು ಗೋಡೆಯೂ ಉಳಿದಿರಲಿಲ್ಲವೆಂದೂ, ಹಲಗೆಯ ಗುಡಿಸಲೊಂದರಲ್ಲಿ ಕಾಫಿಯನ್ನೂ ಚಿತ್ರದ ಕಾರ್ಡುಗಳನ್ನೂ ಮಾರುತ್ತ, ಮಗನ ಗೋರಿಯನ್ನರಸಿ ಇಂಗ್ಲೆಂಡಿನಿಂದ ಬಂದ ತಾಯಂದಿರಿಗೆ ಕುರ್ಚಿ ಕೊಟ್ಟು ಕೂರಿಸುತ್ತಿದ್ದಳೆಂದೂ, ಆ ಕಾಫಿಯ ಕಾಸಿನಿಂದಲೇ ಈ ಮನೆ ಎದ್ದಿತೆಂದೂ ಹೇಳಿ, ನನಗೆ ಬೇಕಾದುದು ಕಪ್ಪು ಚಾಕೊಲೇಟೋ ಹಾಲಿನದೋ ಎಂದು ಕೇಳಿದಳು. ನಾನು ಕಪ್ಪನ್ನೇ ಕೊಂಡೆನು. ಬೆಲೆ ಮಾತ್ರ ಅನ್ಯಾಯದ್ದು.

ಮುದುಕಿಯ ಮಾತಿನ ಹಿಂದಿರುವ ಇತಿಹಾಸ ದೊಡ್ಡದು. 1914ರ ಶರತ್ಕಾಲದಿಂದ ನಾಲ್ಕು ವರ್ಷ ಮೂರು ದಿಕ್ಕಿನಿಂದಲೂ ಜರ್ಮನ್ ಫಿರಂಗಿಗಳ ಪ್ರಹಾರಕ್ಕೆ ಗುರಿಯಾಗಿ, ಬ್ರಿಟಿಷರ ಕೈಬಿಡದೆ ಉಳಿದ ಈ ಊರು ಕೊನೆಗೆ ಕಲ್ಲಿನ ರಾಶಿಯಾಯಿತು. 1919ರಲ್ಲಿ ವಿನ್‌ಸ್ಟನ್ ಚರ್ಚಿಲ್ಲರು ಆ ರಾಶಿಯನ್ನು ಹಾಗೆಯೇ ಇಡಬೇಕು, ಇಡೀ ಹಾಳೂರೇ ಬ್ರಿಟಿಷ್ ಜನಾಂಗದ ಸ್ಮಾರಕವಾಗಬೇಕು ಎಂದು ವಾದಿಸಿದರು. ಪರರ ಊರನ್ನು ಪವಿತ್ರವೆಂದು ಸಾರಿ, ಆ ಊರಿನವರೇ ಅಲ್ಲಿ ಮನೆ ಕಟ್ಟಬಾರದೆನ್ನುವುದು ಸಾಮ್ರಾಜ್ಯಗಳಿಗೆ ಮಾತ್ರ ಸಾಧ್ಯವಾದ ಭಕ್ತಿ. ಊರವರು ಕೇಳಲಿಲ್ಲ, ಮರಳಿ ಬಂದರು, ಕಟ್ಟಿದರು, ಹದಿಮೂರನೆಯ ಶತಮಾನದ ಬಟ್ಟೆವ್ಯಾಪಾರದ ಭವನವನ್ನು ಮೊದಲಿದ್ದಂತೆಯೇ ಎತ್ತಿ ನಿಲ್ಲಿಸುವ ಕೆಲಸ 1967ರವರೆಗೆ ನಡೆಯಿತು. ಬ್ರಿಟಿಷರಿಗೆ ದೊರೆತುದು ಪೂರ್ವದ ಕೋಟೆಗೋಡೆಯಲ್ಲಿ ಮೆನಿನ್ ಊರಿನ ರಸ್ತೆ ಹಾಯುವ ಒಂದು ತೆರಪು. ಯುದ್ಧಕಾಲದಲ್ಲಿ ಅಲ್ಲಿ ಬಾಗಿಲೆಂಬುದೇ ಇರಲಿಲ್ಲ. ಇಕ್ಕೆಲದಲ್ಲಿದ್ದ ಕಲ್ಲಿನ ಸಿಂಹಗಳು 1936ರಲ್ಲಿ ಆಸ್ಟ್ರೇಲಿಯಕ್ಕೆ ಕಾಣಿಕೆಯಾಗಿ ಹೋದುವು.

ಆ ತೆರಪಿನಲ್ಲಿ ವಾಸ್ತುಶಿಲ್ಪಿ ಸರ್ ರೆಜಿನಾಲ್ಡ್ ಬ್ಲೂಮ್‌ಫೀಲ್ಡರು ಕಟ್ಟಿದ, 1927ರ ಜುಲೈ 24ರಂದು ಫೀಲ್ಡ್ ಮಾರ್ಷಲ್ ಪ್ಲೂಮರರು ಅನಾವರಣ ಮಾಡಿದ ಮೆನಿನ್ ಹೆಬ್ಬಾಗಿಲನ್ನು ನಾನು ಊರಿನ ಕಡೆಯಿಂದ ಸಮೀಪಿಸಿದೆನು. ಎರಡು ತುದಿಗಳಲ್ಲಿಯೂ ವಿಜಯದ್ವಾರದಂಥ ಕಮಾನುಗಳು, ನಡುವೆ ಗವಾಕ್ಷಗಳಿಂದ ಬೆಳಕಿಳಿಯುವ ದೀರ್ಘವಾದ ಮಂಟಪ, ಅದರ ಒಡಲಲ್ಲಿಯೇ ಹಾಯುವ ರಸ್ತೆ. ರಣಭೂಮಿಯ ಕಡೆಯ ನೆತ್ತಿಯ ಮೇಲೆ ವಿಲಿಯಂ ರೀಡ್ ಡಿಕ್ ಕಡೆದ ಸಿಂಹ ಮೈಚಾಚಿ ಮಲಗಿದೆ. ಊರಿನ ಕಡೆಗೆ, ವಸ್ತ್ರ ಹೊದಿಸಿದ ಶಿಲೆಯ ಶವಪೆಟ್ಟಿಗೆ. ಎಂದರೆ ಊರು ಬಿಟ್ಟು ಯುದ್ಧಕ್ಕೆ ನಡೆಯುವವನ ಕಣ್ಣಿಗೆ ಬೀಳುವುದು ಪೆಟ್ಟಿಗೆ; ಸಿಂಹವನ್ನು ಕಾಣಬೇಕಾದರೆ ಆತ ತಿರುಗಿ ಬರಬೇಕು. ಶಿಲ್ಪಿ ಇದನ್ನು ಎಣಿಸಿಯೇ ಮಾಡಿದನೋ ಇಲ್ಲವೋ, ಆ ಕಟ್ಟಡದಲ್ಲಿ ಇದಕ್ಕಿಂತ ನಿಷ್ಠುರವಾದ ಸತ್ಯ ಬೇರೊಂದಿಲ್ಲ. ಅದೇ ಯುದ್ಧದಲ್ಲಿ ಕಾದಾಡಿದ ಇಂಗ್ಲಿಷ್ ಕವಿ ಸೀಗ್‌ಫ್ರೀಡ್ ಸಸೂನ್ ಈ ದ್ವಾರವನ್ನು ಕಟುವಾಗಿ ಹಳಿದನು; ಶತ್ರುಪಕ್ಷವಾಗಿದ್ದ ಆಸ್ಟ್ರಿಯದ ಸ್ಟೆಫಾನ್ ಜ್ವೈಗ್ 1928ರಲ್ಲಿ ಮನಸಾರೆ ಹೊಗಳಿದನು. ಹೊರಗೆ ನಿಂತಾಗ ನಾನು ಸಸೂನನ ಪಕ್ಷ, ಒಳಗೆ ಕಾಲಿಟ್ಟ ಮೇಲೆ ಜ್ವೈಗನದು.

ಏಕೆಂದರೆ ಒಳಗೆ ಕಣ್ಣು ಹಾಯಿಸಿದತ್ತ ಹೆಸರುಗಳು. ಕೈಗೆಟುಕದ ಎತ್ತರದವರೆಗೆ, ಮೆಟ್ಟಿಲುಗಳ ಮಗ್ಗುಲಲ್ಲಿ, ಕೋಟೆಯತ್ತ ತೆರೆದ ಮೊಗಸಾಲೆಗಳಲ್ಲಿ, ಸುಮಾರು 54,000. ಎಲ್ಲರೂ ದೇಹ ದೊರೆಯದವರು, ದೊರೆತರೂ ಇಂಥವನೆಂದು ಗುರುತಾಗದವರು. ಇಷ್ಟು ಗೋಡೆಯೂ ಸಾಲದೆ, 1917ರ ಆಗಸ್ಟ್ ಮಧ್ಯದ ಅನಂತರ ಕಾಣೆಯಾದ ಸುಮಾರು 35,000 ಮಂದಿಯ ಹೆಸರುಗಳನ್ನು ಟೈನ್ ಕಾಟ್ ಶ್ಮಶಾನಕ್ಕೆ ಒಯ್ಯಬೇಕಾಯಿತು. ದ್ವಾರದ ಶಾಸನವಾಕ್ಯವನ್ನು ರಚಿಸಿದ ರಡ್ಯಾರ್ಡ್ ಕಿಪ್ಲಿಂಗರ ಒಬ್ಬನೇ ಮಗನೂ 1915ರಲ್ಲಿ ಲೂಸ್ ಕದನದಲ್ಲಿ ಕಾಣೆಯಾದವನೇ. ನಮ್ಮ ವೀರಗಲ್ಲುಗಳಲ್ಲಿ ವೀರನು ಕಾದುವುದನ್ನೂ ಅಪ್ಸರೆಯರು ಅವನನ್ನು ಒಯ್ಯುವುದನ್ನೂ ಕಡೆದಿರುತ್ತಾರೆ. ಇಲ್ಲಿ ಕತ್ತಿಯಿಲ್ಲ, ಸ್ವರ್ಗವಿಲ್ಲ, ದಳ, ಪದವಿ, ಹೆಸರು, ಅಷ್ಟೆ. ಇಂದಿಗೂ ಹೊಲ ಉಳುವಾಗಲೋ ಪಾಯ ತೋಡುವಾಗಲೋ ಎಲುಬು ಸಿಕ್ಕಿ, ಇಂಥವನದೆಂದು ಖಚಿತವಾದರೆ, ಅವನಿಗೊಂದು ಗೋರಿಯಾಗಿ, ಕಾಲಕ್ರಮದಲ್ಲಿ ಗೋಡೆಯ ಮೇಲಿಂದ ಹೆಸರು ಅಳಿಯುತ್ತದೆ. ಅಳಿಸಿಕೊಳ್ಳುವುದನ್ನೇ ಶ್ರೇಯಸ್ಸೆಂದು ಬಗೆಯುವ ಸ್ಮಾರಕವನ್ನು ನಾನು ಬೇರೆಲ್ಲಿಯೂ ಕಂಡುದಿಲ್ಲ.

ಭಾರತೀಯ ಸಿಪಾಯಿಗಳ ನೂರಾರು ಹೆಸರುಗಳನ್ನು ಕೊನೆಗೆ ಹುಡುಕಿ ಕಂಡೆನು. 1914ರ ಅಕ್ಟೋಬರಿನ ಕೊನೆಯಲ್ಲಿ, ಮಾರ್ಸೇಲ್ಸಿನಲ್ಲಿ ಹಡಗಿಳಿದು ಬಂದ ಲಾಹೋರ್ ಡಿವಿಜನ್ನಿನ ಪಡೆಗಳನ್ನು ಈ ಊರಿನ ದಕ್ಷಿಣದ ಕಂದಕಗಳಿಗೆ ಇಳಿಸಿದರು. ಅಲ್ಲಿಯೇ ಹಾಲೆಬೆಕೆಯ ಬಳಿ 129ನೆಯ ಬಲೂಚಿ ದಳದ ಖುದಾದಾದ್ ಖಾನನು, ಸಂಗಡಿಗರೆಲ್ಲ ಬಿದ್ದ ಮೇಲೂ ಮೆಷಿನ್ ಗನ್ನನ್ನು ಬಿಡದೆ ಕಾದು, ಬದುಕಿ ಉಳಿದು, ವಿಕ್ಟೋರಿಯ ಕ್ರಾಸ್ ಪಡೆದನು. ವಿಷವಾಯುವಿನ ಪ್ರಯೋಗವಾದ 1915ರ ಏಪ್ರಿಲಿನಲ್ಲಿ ಅದೇ ಡಿವಿಜನ್ನನ್ನು ಮತ್ತೆ ಕರೆತಂದು, 26ರಂದು, ಬಯಲಾದ ಹೊಲದ ಮೇಲೆ ಏರಿಹೋಗುವಂತೆ ಆಜ್ಞಾಪಿಸಿದರು. ಇಂಗ್ಲಿಷ್ ತಾಯಿಗೆ ಹಲಗೆಯ ಗುಡಿಸಲಿನಲ್ಲಿ ಒಂದು ಕುರ್ಚಿಯಾದರೂ ದೊರೆಯಿತು. ಪಂಜಾಬಿನ ಹಳ್ಳಿಯಿಂದ ಒಬ್ಬ ತಾಯಿ ಹೇಗೋ ಇಲ್ಲಿಯವರೆಗೆ ಬಂದಿದ್ದರೂ, ರೋಮನ್ ಲಿಪಿಯಲ್ಲಿ ಕೊರೆದ ತನ್ನ ಮಗನ ಹೆಸರನ್ನು ತಾನೇ ಓದುವ ಭಾಗ್ಯ ಆಕೆಗೆ ಇರುತ್ತಿರಲಿಲ್ಲ.

ಸಂಜೆ ಎಂಟು ಗಂಟೆಗೆ ವಾಹನಗಳನ್ನು ತಡೆದು, ಕಹಳೆಗಾರರು ರಸ್ತೆಯ ನಡುವೆ ನಿಂತು ಮಡಿದ ಯೋಧರಿಗೆ ವಿದಾಯ ಹೇಳುವ ‘ಲಾಸ್ಟ್ ಪೋಸ್ಟ್’ ರಾಗವನ್ನು ಊದುತ್ತಾರೆ. 1928ರಲ್ಲಿ ತೊಡಗಿದ ಈ ವ್ರತ ಎರಡನೆಯ ಮಹಾಯುದ್ಧದಲ್ಲಿ ಊರು ಜರ್ಮನರ ವಶದಲ್ಲಿದ್ದಾಗ ತಪ್ಪಿತು. 1944ರ ಸೆಪ್ಟೆಂಬರ್ 6ರಂದು ಪೋಲೆಂಡಿನ ಸೈನಿಕರು ಊರನ್ನು ಬಿಡಿಸಿದ ಸಂಜೆಯೇ, ಇನ್ನೂ ಬೇರೆ ಕೇರಿಗಳಲ್ಲಿ ಗುಂಡು ಹಾರುತ್ತಿರುವಾಗಲೇ, ಮರಳಿ ಆರಂಭವಾಯಿತು. ಇಂಥ ಹಟದ ಮುಂದೆ ತಲೆಬಾಗಬೇಕು. ಆದರೆ ನಾನು ಹೋದ ಸಂಜೆ ಎಲ್ಲೆಲ್ಲಿಯೂ ತಲೆಗಳಿಗಿಂತ ಎತ್ತರದಲ್ಲಿ ಮೊಬೈಲು ಹಿಡಿದ ಕೈಗಳೇ ಇದ್ದುವು. ಕಹಳೆಗಾರರನ್ನು ನಾನು ಕಂಡುದು ಮುಂದೆ ನಿಂತ ಮಹನೀಯನೊಬ್ಬನ ಪರದೆಯಲ್ಲಿ. ಚಪ್ಪಾಳೆ ತಟ್ಟುವುದು ಅಲ್ಲಿಯ ಸಂಪ್ರದಾಯವಲ್ಲ. ಹಿಂದಿನಿಂದ ಯಾರೋ ತಟ್ಟಿಯೇ ತಟ್ಟಿದರು.

ಅದರಿಂದ ಮರುದಿನ ಬೆಳಗ್ಗೆ, ಪ್ರವಾಸಿಗಳು ಇನ್ನೂ ಏಳದಿರುವಾಗ, ಮತ್ತೊಮ್ಮೆ ಹೋದೆನು. ರೊಟ್ಟಿಯ ವ್ಯಾನುಗಳು, ಕಚೇರಿಗೆ ಹೊರಟವರು, ಸೈಕಲ್ ತುಳಿಯುವ ಶಾಲೆಯ ಮಕ್ಕಳು, ಎಲ್ಲರೂ ಆ ಹೆಸರುಗಳ ನಡುವೆ ಹಾದುಹೋಗುತ್ತಿದ್ದರು, ಒಬ್ಬರೂ ತಲೆಯೆತ್ತಿ ನೋಡುತ್ತಿರಲಿಲ್ಲ; ಚರ್ಚಿಲ್ಲರ ಮಾತು ನಡೆದಿದ್ದರೆ ಈ ರಸ್ತೆಗೆ ಹಗ್ಗ ಕಟ್ಟಿ ಕಾವಲುಗಾರನನ್ನು ಕೂರಿಸಿರುತ್ತಿದ್ದರು ಎಂದು ಯೋಚಿಸುತ್ತ ನಾನು ದಾರಿಯ ನಡುವೆಯೇ ನಿಂತುಬಿಟ್ಟಿದ್ದೆನಾಗಿ, ಶಾಲೆಗೆ ತಡವಾಗಿದ್ದ ಹುಡುಗನೊಬ್ಬ ಸೈಕಲ್ಲಿನ ಗಂಟೆಯನ್ನು ಜೋರಾಗಿ ಬಾರಿಸಿ, ಫ್ಲೆಮಿಷ್ ಭಾಷೆಯಲ್ಲಿ ಏನೋ ಗದರಿ, ನನ್ನನ್ನು ಪಕ್ಕಕ್ಕೆ ಸರಿಸಿ ಹೋದನು.