ಗೊರವನ ಕಾಲುಂಗುರ

1970ರ ಮಾಘದಲ್ಲಿ ಪರೇಲಿನ ನಮ್ಮ ಖೋಲಿಗೆ ಚಿಕ್ಕಮ್ಮನ ಇನ್‌ಲ್ಯಾಂಡ್ ಕಾಗದ ಬಂತು. ಹದಿನೈದು ಪೈಸೆಯ ನೀಲಿ ಕಾಗದ. ಒಳಗೆ ಏನನ್ನೂ ಇಡಕೂಡದೆಂದು ಅದರ ಮೇಲೆಯೇ ಅಚ್ಚು ಹಾಕಿರುತ್ತಿದ್ದರು. ಚಿಕ್ಕಮ್ಮನಿಗೆ ಅದೆಲ್ಲ ಯಾವ ಲೆಕ್ಕ? ಅನ್ನದ ಅಗುಳು ಅರೆದು ಒಂದು ಪುಟ್ಟ ಉಂಗುರವನ್ನು ಒಳಗೆ ಅಂಟಿಸಿದ್ದಳು. ಚಿಕ್ಕಪ್ಪ ಗದ್ದೆಯಂಚಿಗೆ ಒಡ್ಡಿದ್ದ ಉರುಳಿಗೆ ಸಿಕ್ಕ ಗೊರವನ ಕಾಲಲ್ಲಿ ಇತ್ತಂತೆ. ಹಕ್ಕಿ ಸಾರಿಗೆ ಹೋಯಿತು, ಉಂಗುರ ಅವಳ ಕವಳದ ಸಂಚಿಗೆ. ಒಂದು ತಿಂಗಳು ಅಡಕತ್ತರಿಯ ಜೊತೆ ಬಿದ್ದಿದ್ದರಿಂದ ನನ್ನ ಕೈಗೆ ಬಂದಾಗಲೂ ಹೊಗೆಸೊಪ್ಪಿನ ಘಾಟು. 'ಇದರ ಮೇಲೆ ಬೊಂಬಾಯಿ ಅಂತ ಬರೆದದೆಯಂತೆ, ಮಾಸ್ತರು ಓದಿ ಹೇಳಿದರು. ನೀನೂ ಅಲ್ಲೇ ಇದೀಯಲ್ಲ, ಯಾರದೋ ಅವರಿಗೆ ಕೊಟ್ಟುಬಿಡು' ಎಂದು ಬರೆಸಿದ್ದಳು.

ಸಾಗರದ ಕಡೆಯಿಂದ ಹೋದ ನಾವು ಐದು ಮಂದಿ ಹುಡುಗರು ಹತ್ತು-ಹನ್ನೆರಡು ಅಡಿಯ ಆ ಖೋಲಿಯಲ್ಲಿದ್ದೆವು. ಗಿರಣಿಯ ಭೋಂಗಾ ಕೂಗಿದರೆ ಬೆಳಗು. ಗಾಳಿ ಒಂದು ಕಡೆಯಿಂದ ಬೀಸಿದರೆ ಕೆಇಎಂ ಆಸ್ಪತ್ರೆಯ ಫಿನಾಯಿಲ್, ಇನ್ನೊಂದು ಕಡೆಯಿಂದ ಬೀಸಿದರೆ ಎಣ್ಣೆ ಕುಡಿದ ಹತ್ತಿಯ ವಾಸನೆ. ನನಗೆ ಗಿರಣಿಯಲ್ಲಿ ಗುಮಾಸ್ತಿಕೆ, ತಿಂಗಳಿಗೆ 180 ರೂಪಾಯಿ. ಅದರಲ್ಲಿ 40 ಖಾನಾವಳಿಗೇ ಹೋಗುತ್ತಿತ್ತು. ಕಾಲುಂಗುರ ಎಂದಮೇಲೆ ಬೆಳ್ಳಿಯೇ ಇರಬೇಕೆಂದು ನನ್ನ ಎಣಿಕೆ. ಲಾಲ್‌ಬಾಗಿನ ಅಕ್ಕಸಾಲಿಗನ ಬಳಿ ಗುಟ್ಟಾಗಿ ಒಯ್ದೆ. ಅವನು ಅಂಗೈಯಲ್ಲಿ ಒಮ್ಮೆ ಕುಣಿಸಿ, ತಕ್ಕಡಿಗೂ ಹಾಕದೆ, 'ಅಲ್ಯೂಮಿನಿಯಂ' ಎಂದು ನಕ್ಕ.

ಬೆಳ್ಳಿ ಅಲ್ಲದಿದ್ದರೇನು, ಇನಾಮಾದರೂ ಸಿಕ್ಕೀತೆಂದು ಶನಿವಾರ ಮಧ್ಯಾಹ್ನ ರೈಲಿನಲ್ಲಿ ವಿಟಿಗೆ ಹೋಗಿ, ಅಲ್ಲಿಂದ ಲಯನ್ ಗೇಟಿನವರೆಗೆ ನಡೆದೆ. ಎದುರಿಗೇ ಹಾರ್ನ್‌ಬಿಲ್ ಹೌಸ್, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮನೆ. 1883ರಲ್ಲಿ ಎಂಟು ಜನ ಸೇರಿ ಹುಟ್ಟುಹಾಕಿದ ಸಂಸ್ಥೆ. ಒಳಗೆ ನುಸಿಗುಳಿಗೆಯ ವಾಸನೆ. ಮೇಜಿನಾಚೆಯವರು ಉಂಗುರದ ನಂಬರು ಬರೆದುಕೊಂಡು ಕೇಳಿದ್ದು ಮೂರೇ: ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು, ಹೇಗೆ ಸಿಕ್ಕಿತು? ಎಲ್ಲಿ ಎಂಬುದಕ್ಕೆ ಊರು, ತಾಲೂಕು ಹೇಳಿದೆ. ಹೇಗೆ ಎಂಬುದಕ್ಕೆ ನಾಚಿಕೆಪಟ್ಟುಕೊಂಡು ಸಾರಿನ ವಿಷಯ ಹೇಳಿದೆ. ಅವರು ಮುಖ ಸಿಂಡರಿಸದೆ ಅದನ್ನೂ ಬರೆದುಕೊಂಡರು. ಯಾವತ್ತು ಎಂಬುದಕ್ಕೆ ಚಿಕ್ಕಮ್ಮ ಬರೆಸಿದ್ದು 'ಎಳ್ಳಮಾಸೆ ಮಾರನೇ ದಿನ'. ಅವರು ಗೋಡೆಯ ಕ್ಯಾಲೆಂಡರಿನಲ್ಲಿ ಅಮಾಸೆ ಹುಡುಕಿ '8 ಜನವರಿ' ಎಂದು ಬರೆದರು. ಮಲೆನಾಡಿನ ಪಂಚಾಂಗ ದಫ್ತರದ ತಾರೀಖಾಗುವುದನ್ನು ನಾನು ಕಂಡದ್ದು ಅದೇ ಮೊದಲು. ಇನಾಮಿನ ಮಾತು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಮಳೆಗಾಲಕ್ಕೆ ಮುಂಚೆ ಜವಾಬು ಬಂತು. ಉಂಗುರ ತೊಡಿಸಿದ್ದು ರಾಜಸ್ಥಾನದ ಭರತ್‌ಪುರದಲ್ಲಿ. ಊರಿಗೆ ಬರೆದು ತಿಳಿಸಿದೆ. 'ಅಷ್ಟು ದೂರದ್ದಾ? ಅದಕ್ಕೇ ಎಷ್ಟು ಬೇಯಿಸಿದರೂ ಬೇಯಲಿಲ್ಲ' ಎಂದು ಚಿಕ್ಕಮ್ಮನ ಉತ್ತರ.

ಆ ಉಂಗುರಕ್ಕೂ ನಮ್ಮ ಸೀಮೆಗೂ ನಂಟಿತ್ತೆಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನಕ್ಕೆ ಜ್ವರ ಬಂತು. ನಾವು ಮಂಗನ ಕಾಯಿಲೆ ಎನ್ನುತ್ತಿದ್ದದ್ದು ಅದನ್ನೇ. ಆ ವೈರಸ್ಸಿಗೆ ರಷ್ಯಾದ ಒಂದು ಮಿದುಳುಜ್ವರದ ವೈರಸ್ಸಿನ ಹೋಲಿಕೆಯಿತ್ತು. ವಲಸೆ ಹಕ್ಕಿಗಳೇ ಹೊತ್ತು ತಂದವೋ ಎಂಬ ಗುಮಾನಿ ಹುಟ್ಟಿತು. ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಅದೇ ಸೊಸೈಟಿಯ ಪಕ್ಷಿತಜ್ಞ ಸಲೀಂ ಅಲಿಯವರು 1959ರಲ್ಲಿ ಉಂಗುರ ತೊಡಿಸುವ ಕೆಲಸವನ್ನು ದೊಡ್ಡದಾಗಿ ಶುರುಮಾಡಿದರು. ಮುಂದೆ ಅಮೆರಿಕದ ಸೇನೆಯ ದುಡ್ಡೂ ಬಂದು, ನಮ್ಮ ಹಕ್ಕಿಗಳ ಲೆಕ್ಕ ಯಾರ ಕೈ ಸೇರುತ್ತಿದೆ ಎಂದು ಸಂಸತ್ತಿನ ಸಮಿತಿಯವರೆಗೆ ರಗಳೆಯಾಯಿತು. ಕೇಳಬೇಕಾದ ಪ್ರಶ್ನೆಯೇ ಅನ್ನಿ. ಹಕ್ಕಿಗಳ ಮೇಲಿನ ಗುಮಾನಿಗೆ ಪುರಾವೆ ಸಿಗಲಿಲ್ಲ. ಜ್ವರ ಹರಡುತ್ತಿದ್ದದ್ದು ಕಾಡಿನ ಉಣುಗು. ಕಾಯಿಲೆಗೆಂದು ಬರೆದ ಪಟ್ಟಿ ಮಾತ್ರ, ಯಾವ ಹಕ್ಕಿ ಯಾವ ಕೆರೆಯಲ್ಲಿ ತಂಗುತ್ತದೆಂದು ಹೇಳುವುದಕ್ಕೆ ಉಳಿಯಿತು.

ಪರೇಲಿನ ಆ ದಿನಗಳಲ್ಲಿ ಭಾನುವಾರ ನಾವು ಶಿವಡಿಯ ಕಡಲಿಗೆ ನಡೆದೇ ಹೋಗುತ್ತಿದ್ದೆವು. ಇಳಿತದಲ್ಲಿ ಕೆಸರು ಕೊಳೆತ ಮೊಟ್ಟೆಯಂತೆ ನಾರುತ್ತಿತ್ತು. ಫ್ಲೆಮಿಂಗೋಗಳನ್ನು ಅಲ್ಲಿ ಆಗ ನಾನು ಕಂಡದ್ದಿಲ್ಲ. ಅವು ಹಿಂಡುಗಟ್ಟಿ ಬರತೊಡಗಿದ್ದು ತೊಂಬತ್ತರ ದಶಕದಲ್ಲಿ. ಅಷ್ಟರಲ್ಲಿ 1982ರ ಗಿರಣಿ ಮುಷ್ಕರ ಕಳೆದು ಭೋಂಗಾಗಳು ಒಂದೊಂದಾಗಿ ಬಾಯಿ ಮುಚ್ಚಿದ್ದವು. ಠಾಣೆ ಖಾರಿಯ ಒಂದು ಭಾಗ 2015ರಲ್ಲಿ ಫ್ಲೆಮಿಂಗೋ ಅಭಯಾರಣ್ಯವಾಯಿತು, 2022ರಲ್ಲಿ ಜೌಗುನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಶಿವಡಿಯ ಕೆಸರು ಅದರ ಗಡಿಯೊಳಗಿಲ್ಲ. 2024ರ ಜನವರಿಯಲ್ಲಿ ಅಲ್ಲಿಂದಲೇ ಅಟಲ್ ಸೇತು ಹೊರಟಿತು. ಹಕ್ಕಿಗಳ ಕಡೆಗೆ ಸದ್ದು ತಡೆಯುವ ಗೋಡೆ ಕಟ್ಟಿದ್ದಾರೆ. ಯಾರೂ ಲೆಕ್ಕ ಇಡದಿದ್ದರೆ ಅಷ್ಟನ್ನೂ ಕಟ್ಟುತ್ತಿರಲಿಲ್ಲ.

ಕಳೆದ ಚಳಿಗಾಲ ಮೊಮ್ಮಗಳು ನನ್ನನ್ನು ಅಲ್ಲಿಗೇ ಕರೆದೊಯ್ದಳು. ಕೆಸರು ಅದೇ ಥರ ನಾರಿತು. ಕಂಡದ್ದನ್ನೆಲ್ಲ ಅವಳು ಇ-ಬರ್ಡ್ ಎಂಬುದರಲ್ಲಿ ಒತ್ತಿದಳು. ಅವಳಂಥ ಸುಮಾರು 30,000 ಮಂದಿ ಬರೆದ 3 ಕೋಟಿ ದಾಖಲೆಗಳನ್ನು ಒಟ್ಟು ಹಾಕಿಯೇ 2023ರಲ್ಲಿ ದೇಶದ 942 ಜಾತಿಯ ಹಕ್ಕಿಗಳ ವರದಿ ಬಂತಂತೆ. ಅದರಲ್ಲಿ 178ನ್ನು ಕಾಪಾಡುವುದು ತುರ್ತಂತೆ. ಹಳೆಯದನ್ನೂ ಸೇರಿಸಬಹುದು ಎಂದಳು. ನನಗೆ ಹುರುಪು ಬಂತು.

'ಹಾಗಾದರೆ ಒಂದು ಗೊರವ ಬರಕೋ. 8 ಜನವರಿ 1970.'

'ಎಲ್ಲಿ ನೋಡಿದ್ದು ಅಜ್ಜ?'

'ನಾನು ನೋಡಲಿಲ್ಲ. ನಮ್ಮ ಚಿಕ್ಕಮ್ಮ ಸಾರು ಮಾಡಿದ್ದು.'

ಅವಳು ಮೊಬೈಲು ಕೆಳಗಿಳಿಸಿದಳು. 'ಸತ್ತ ಹಕ್ಕಿ ಇದರಲ್ಲಿ ಲೆಕ್ಕಕ್ಕಿಲ್ಲ ಅಜ್ಜ.'