ಅಚ್ಚಿನಿಂದ ಅಚ್ಚಿಗೆ

ಚಳ್ಳಕೆರೆಯಲ್ಲಿ ಬಸ್ಸಿಳಿದಾಗ ಬೆಳಗಿನ ಹತ್ತು ಗಂಟೆ. ಎಣ್ಣೆ ಗಿರಣಿಗಳ ಊರು, ಇಳಿದ ಕೂಡಲೇ ಶೇಂಗಾ ಹಿಂಡಿಯ ವಾಸನೆ ಮೂಗಿಗೆ ಬಡಿಯುತ್ತದೆ ಎಂದು ಯಾರೋ ಹೇಳಿದ್ದರು. ನನಗೆ ಬಡಿದದ್ದು ಒಗ್ಗರಣೆ ಮಂಡಕ್ಕಿ, ಮಿರ್ಚಿಯ ವಾಸನೆ. ಕರಿದದ್ದು ಶೇಂಗಾ ಎಣ್ಣೆಯಲ್ಲೇ ಇರಬೇಕು, ಹಾಗಾಗಿ ಹೇಳಿದವರ ಮಾತು ಪೂರ್ತಿ ಸುಳ್ಳಲ್ಲ. ಬೆಳಗಿನ ತಿಂಡಿಗೇ ಮೆಣಸಿನಕಾಯಿ ಕಡಿಯುವವರನ್ನು ಕಂಡರೆ ತೀರ್ಥಹಳ್ಳಿ ಕಡೆಯವನಾದ ನನಗೆ ಮೊದಲಿನಿಂದಲೂ ಗೌರವ. ಒಂದು ಪ್ಲೇಟು ತಿಂದೆ. ಕಣ್ಣಿಂದ ನೀರು ಸುರಿಯಿತು. ಪಕ್ಕದಲ್ಲಿದ್ದ ಅಜ್ಜ ಸಮಾಧಾನ ಮಾಡಿದ: "ಮಳೆ ಇಲ್ದಿದ್ರೂ ನಮ್ ಕಡೆ ಹಿಂಗಾದ್ರೂ ನೀರು ಬರ್ತೈತೆ ನೋಡಪ್ಪಾ."

ಅಜ್ಜನ ಹೆಗಲ ಮೇಲೆ ಕರಿ ಕಂಬಳಿ. ಬಿಸಿಲು ತಲೆಯ ಮೇಲೆ ಏರುತ್ತಿರುವಾಗ ಕಂಬಳಿ ಏಕೆ ಎಂದು ಕೇಳಿದೆ. ಬಿಸಿಲಿಗೇ ಹೊದೆಯೋದು ಎಂದ. ನಮ್ಮಲ್ಲಿ ಕಂಬಳಿ ಎಂದರೆ ಗದ್ದೆಯ ಮಳೆಗೆ ಕೊಪ್ಪೆ ಹಾಕಿಕೊಳ್ಳುವ ವಸ್ತು. ಇಲ್ಲಿ ಒಂದು ವರ್ಷಕ್ಕೆ ಬೀಳುವಷ್ಟು ಮಳೆ ಆಗುಂಬೆಯಲ್ಲಿ ಜುಲೈಯ ಒಂದೇ ವಾರದಲ್ಲಿ ಸುರಿದು ಹೋಗುವುದುಂಟು. ಮುಟ್ಟಿ ನೋಡು ಎಂದು ಸೆರಗು ಚಾಚಿದ. ಹಲಗೆಯ ಹಾಗೆ ಗಡಸು. ಹುಣಸೆ ಬೀಜದ ಗಂಜಿ ಕುಡಿಸಿ ನೇಯ್ದದ್ದಂತೆ. ಬೆರಳಿಗೆ ಚುಚ್ಚಿತು. ಒಂದೇ ತಾಲ್ಲೂಕು ದಾಟಿದರೆ ಬೆಣ್ಣೆಯಂಥ ರೇಷ್ಮೆ ನೇಯುವವರಿದ್ದಾರೆ. ನಾನು ಹೊರಟದ್ದು ಅವರಲ್ಲಿಗೆ, ಸೀರೆ ಕೊಳ್ಳಲಿಕ್ಕಲ್ಲ, ಕಲಿಯಲಿಕ್ಕೆ.

ಇಪ್ಪತ್ತೊಂದು ವರ್ಷ ಬೆಂಗಳೂರಿನಲ್ಲಿ ಕರಡು ತಿದ್ದಿದೆ. ಬೇರೆಯವರ ಸಾಲಿನಲ್ಲಿ ಜಾರಿದ ಒತ್ತು, ಹಾರಿಹೋದ ದೀರ್ಘ ಹುಡುಕುವುದೇ ಅನ್ನ. ಈಗ ವಯಸ್ಸು ನಲವತ್ತೇಳು, ಕೆಲಸ ಬಿಟ್ಟಿದ್ದೇನೆ. ಸ್ನೇಹಿತರು ಪಿತ್ತ ಕೆದರಿದೆ ಎಂದರು. ಗಾಂಧೀಜಿ 1922ರ ಮಾರ್ಚಿನಲ್ಲಿ ಅಹಮದಾಬಾದಿನ ನ್ಯಾಯಾಲಯದಲ್ಲಿ ತಮ್ಮ ಕಸುಬು ರೈತ ಮತ್ತು ನೇಕಾರ ಎಂದು ಹೇಳಿಕೊಂಡರಲ್ಲ, ಆಗ ಅವರಿಗೆ ಐವತ್ತೆರಡು, ನನಗಿನ್ನೂ ಐದು ವರ್ಷ ಉಂಟು ಎಂದು ವಾದಿಸಿದೆ. ಅಮ್ಮ ಮಾತ್ರ ಒಂದೇ ಪ್ರಶ್ನೆ ಕೇಳಿದಳು: "ಮಗ್ಗದ ಮುಂದೆ ಕೂರಲಿಕ್ಕೆ ನಿನ್ನ ಸೊಂಟ ಒಪ್ಪಿದೆಯೋ?"

ಬಸ್ಸು ಬಳ್ಳಾರಿ ರಸ್ತೆ ಹಿಡಿಯುತ್ತದೆ. ಕಿಟಕಿಯಾಚೆ ಆಕಾಶವೇ ಆಕಾಶ. ನಮ್ಮಲ್ಲಿ ಆಕಾಶ ನೋಡಬೇಕಾದರೆ ಅಡಿಕೆ ಮರಗಳ ಸಂದಿಯಲ್ಲಿ ಕತ್ತು ಮೇಲೆತ್ತಬೇಕು, ಇಲ್ಲಿ ಅದು ನೆಲದವರೆಗೆ ಇಳಿದು ಕೂತಿದೆ. ಕೆಂಪು ಹೊಲ, ಜಾಲಿ, ಕುರಿಮಂದೆ. ಮತ್ತೆ ಇದ್ದಕ್ಕಿದ್ದಂತೆ ಯಾರೋ ಲಾರಿಯಲ್ಲಿ ತಂದು ಸುರಿದು ಮರೆತುಹೋದಂಥ ಬಂಡೆಗಳ ಗುಡ್ಡ. ಹಾನಗಲ್ ದಾಟುವಷ್ಟರಲ್ಲಿ ಬಸ್ಸಿನೊಳಗಿನ ಮಾತಿಗೆ ತೆಲುಗು ಬೆರೆತಿರುತ್ತದೆ. ಆಂಧ್ರದ ರಾಯದುರ್ಗ ಇಲ್ಲೇ ಪಕ್ಕ. ಒಂದು ವಾಕ್ಯ ಕನ್ನಡದಲ್ಲಿ ಹೊರಟು ತೆಲುಗಿನಲ್ಲಿ ಇಳಿದುಕೊಳ್ಳುತ್ತದೆ, ಯಾರಿಗೂ ಟಿಕೆಟ್ಟಿನ ತಂಟೆಯಿಲ್ಲ.

ಮೊಳಕಾಲ್ಮೂರಿನ ನೇಕಾರರ ಬೀದಿಗೆ ಕಾಲಿಟ್ಟಾಗ ಮೊದಲು ತಿಳಿಯುವುದು ಕಿವಿಗೆ. ಒಂದು ಮನೆಯಿಂದ ಟಕ್, ಇನ್ನೊಂದರಿಂದ ಟಕ್‌ಟಕ್. ನಾನು ಹೋದ ಮನೆಯ ನಡುಕೋಣೆಯಲ್ಲಿ ನೆಲವನ್ನೇ ಅಗೆದು ಗುಂಡಿ ಮಾಡಿದ್ದಾರೆ. ಅದರಲ್ಲಿ ಕಾಲು ಇಳಿಬಿಟ್ಟು ಕೂತವನು ನನ್ನ ಗುರು. ವಯಸ್ಸು ಇಪ್ಪತ್ತನಾಲ್ಕು. ಕೂತಲ್ಲಿಂದಲೇ, "ಬರ್ರಿ ಅಣ್ಣಾ, ಚಪ್ಲಿ ಹೊರಗೆ" ಎನ್ನುತ್ತಾನೆ.

ಗುಂಡಿ ಮಗ್ಗವೆಂದರೆ ಅರ್ಧ ನೆಲದ ಮೇಲೆ, ಅರ್ಧ ನೆಲದೊಳಗೆ. ಸಾವಿರಗಟ್ಟಲೆ ರೇಷ್ಮೆ ಎಳೆಗಳು ಹಾಸಾಗಿ ಬಿಗಿದು ನಿಂತಿವೆ. ಕೆಳಗೆ ಕಾಲು ತುಳಿದರೆ ಎಳೆಗಳು ಬಾಯಿ ತೆರೆಯುತ್ತವೆ, ಲಾಳಿ ಹೊಕ್ಕಿನ ಎಳೆ ಹಿಡಿದು ಒಳಗೆ ಓಡುತ್ತದೆ, ಬಾಚಣಿಗೆಯಂಥ ಒಂದು ಪಟ್ಟಿ ಬಂದು ಆ ಎಳೆಯನ್ನು ಬಡಿದು ಕೂರಿಸುತ್ತದೆ. ಆ ಪಟ್ಟಿಗೆ ಏನನ್ನುತ್ತೀರಿ ಎಂದೆ. "ಅಚ್ಚು."

ನಗು ಬಂತು. ಇಪ್ಪತ್ತೊಂದು ವರ್ಷ ಅಚ್ಚಿಗೆ ಹೋಗುವ ಹಾಳೆ ತಿದ್ದಿ, ಬಿಟ್ಟೆನೆಂದುಕೊಂಡು ಬಂದರೆ ಇಲ್ಲೂ ಅಚ್ಚು!

ಮೊಳಕಾಲ್ಮೂರು ಸೀರೆಗೆ 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಅದರ ಹೆಚ್ಚುಗಾರಿಕೆ ಇರುವುದು ಕುಟ್ಟಿನಲ್ಲಿ. ಸೀರೆಯ ಒಡಲಿಗೆ ಒಂದು ಬಣ್ಣ, ಎರಡು ಅಂಚಿಗೆ ಬೇರೆ ಬಣ್ಣ. ಒಡಲಿನ ಎಳೆ ಅಂಚಿನೊಳಗೆ ನುಗ್ಗುವಂತಿಲ್ಲ, ಅಂಚಿನದು ಒಡಲಿಗೆ ಬರುವಂತಿಲ್ಲ. ಗಡಿಯಲ್ಲಿ ಎರಡೂ ಒಂದರ ಕೊರಳಿಗೊಂದು ಕೈಹಾಕಿ, ತಮ್ಮ ತಮ್ಮ ಸೀಮೆಗೆ ತಿರುಗಿಬಿಡಬೇಕು. ಪ್ರತಿ ಸಾಲಿನಲ್ಲೂ ಹೀಗೆ. ಅದಕ್ಕೇ ಮೂರು ಲಾಳಿ. ಮೂರಕ್ಕೆ ಎರಡು ಕೈ ಸಾಲದು, ಆದ್ದರಿಂದ ನೇಯುವವನ ಪಕ್ಕದಲ್ಲಿ ಇನ್ನೊಬ್ಬರು ಕೂತು ಒಂದು ಅಂಚಿನ ಲಾಳಿ ನೋಡಿಕೊಳ್ಳುತ್ತಾರೆ.

ಆ ಜಾಗದಲ್ಲಿ ನಾನು ಕೂರಬಹುದೆಂದುಕೊಂಡಿದ್ದೆ. ಗುರುವಿನ ತಾಯಿ ನನ್ನ ಕೈ ಹಿಡಿದು ತಿರುಗಿಸಿ ನೋಡಿದರು, ಹೆಣ್ಣು ನೋಡಲು ಬಂದವರ ಹಾಗೆ. "ಉಗುರು ಕತ್ತರಿಸ್ಕೊಂಡು ಬರ್ರಿ. ಮೊದ್ಲು ಕಂಡಿಕೆ." ಕಂಡಿಕೆಯೆಂದರೆ ಲಾಳಿಯ ಹೊಟ್ಟೆಯಲ್ಲಿ ಕೂರುವ ಪುಟ್ಟ ಕೊಳವೆ, ಅದಕ್ಕೆ ರಾಟೆಯಲ್ಲಿ ನೂಲು ಸುತ್ತುವುದು ಕಸುಬಿನ ಒಂದನೇ ತರಗತಿ. ಈ ಮನೆಯಲ್ಲಿ ಅದನ್ನು ಮಾಡುತ್ತಿದ್ದವಳು ಗುರುವಿನ ಅಕ್ಕನ ಮಗಳು. ಐದನೇ ಕ್ಲಾಸು. ಶಾಲೆ ಬಿಟ್ಟ ಮೇಲೆ ಬಂದು ನನಗೆ ಪಾಠ ಹೇಳುತ್ತಾಳೆ. "ಮಾಮಾ, ಎಳೀಬೇಡ್ರಿ. ಅದಾಗೇ ಬರ್ತೈತೆ." ಅದಾಗೇ ಬರುವುದಿಲ್ಲ. ಸಡಿಲ ಬಿಟ್ಟರೆ ಗಂಟು, ಬಿಗಿಹಿಡಿದರೆ ಪಟಕ್ಕನೆ ತುಂಡು. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆ, ಬೆರಳಿಗೆ ಮಾತ್ರ ಗೊತ್ತಾಗುತ್ತದೆ. ನನಗಿರುವುದು ಕಣ್ಣಿನ ವಿದ್ಯೆ. ಇಪ್ಪತ್ತು ಮಾರಿನಾಚೆಯ ನಾಮಫಲಕದಲ್ಲಿ ಮಹಾಪ್ರಾಣ ತಪ್ಪಿದ್ದರೆ ಹೇಳಬಲ್ಲೆ, ತೋರುಬೆರಳಿನ ಮೇಲೆ ಹರಿಯುತ್ತಿರುವ ಎಳೆಯ ಬಿಗಿ ಹೇಳಲಾರೆ. ಮೊದಲ ವಾರ ನಾನು ಸುತ್ತಿದ ಕಂಡಿಕೆಗಳನ್ನೆಲ್ಲ ಆ ಹುಡುಗಿ ಸದ್ದಿಲ್ಲದೆ ಬಿಚ್ಚಿ ಮತ್ತೆ ಸುತ್ತಿದಳೆಂದು ಆಮೇಲೆ ತಿಳಿಯಿತು. ನನ್ನ ಕರಡನ್ನೂ ಒಬ್ಬರು ತಿದ್ದುತ್ತಿದ್ದರು!

ಅನನುಕೂಲಗಳ ಪಟ್ಟಿ ಕೊಡಬಾರದು, ಆದರೂ ಲಾಡ್ಜಿನ ಮಂಚದ ಬಗ್ಗೆ ಒಂದು ಮಾತು. ಅದು ನನಗಿಂತ ಒಂದು ಗೇಣು ಗಿಡ್ಡ. ರಾತ್ರಿಯೆಲ್ಲ ಕಾಲು ಹೊರಗೆ ಇಳಿಬಿಟ್ಟು ಮಲಗಿ, ಗುಂಡಿ ಮಗ್ಗಕ್ಕೆ ಅದೇ ತಾಲೀಮು ಅಂದುಕೊಂಡೆ.

ಅಮಾವಾಸ್ಯೆ ಬಂತು. ಅಂದು ಈ ಮನೆಯ ಮಗ್ಗಕ್ಕೆ ರಜೆ. "ಜಟಿಂಗ ರಾಮೇಶ್ವರಕ್ಕೆ ಹೋಗೋಣೇನಣ್ಣಾ?" ಎಂದ ಗುರು ಬೈಕು ತೆಗೆದ. ಗುಡ್ಡದ ಬುಡದಲ್ಲಿ ನಿಂತು ನೋಡಿದರೆ ಬಂಡೆಯ ಮೇಲೆ ಬಂಡೆ, ಅದರ ನೆತ್ತಿಯಲ್ಲೆಲ್ಲೋ ಗುಡಿ. ಸೀತೆಯನ್ನು ಬಿಡಿಸಲು ರಾವಣನ ಜೊತೆ ಕಾದಿ ರೆಕ್ಕೆ ಕತ್ತರಿಸಿಕೊಂಡ ಜಟಾಯು ಬಿದ್ದದ್ದು ಇಲ್ಲೇ, ರಾಮ ಲಿಂಗವಿಟ್ಟದ್ದೂ ಇಲ್ಲೇ ಎಂಬುದು ಈ ಸೀಮೆಯ ನಂಬಿಕೆ. ಮೆಟ್ಟಿಲು ಹತ್ತುತ್ತೇನೆ. ನಮ್ಮ ಕುಂದಾದ್ರಿ ಹತ್ತುವಾಗ ಇಂಬಳ ಕಾಲಿಗೆ ಹತ್ತುತ್ತದೆ, ಇಲ್ಲಿ ಬಂಡೆಯ ಕಾವು ಚಪ್ಪಲಿ ದಾಟಿ ಹತ್ತುತ್ತದೆ. ಮಂಗವೊಂದು ನನ್ನ ನೀರಿನ ಬಾಟಲಿಯನ್ನು ಬಹಳ ವಿನಯದಿಂದ ತೆಗೆದುಕೊಂಡು ಹೋಯಿತು.

ನನಗೆ ನೋಡಬೇಕಾಗಿದ್ದದ್ದು ಬಳೆಗಾರ ಗುಂಡು. ಮಲಗಿದ ಹಾಸುಬಂಡೆ. ಜಾತ್ರೆಗೆ ಬಂದ ಬಳೆಗಾರರು ಅದರ ಮೇಲೆ ಮಲಾರ ಬಿಚ್ಚಿ ಕೂರುತ್ತಿದ್ದರಂತೆ, ಹೆಸರು ಬಂದದ್ದು ಹಾಗೆ. ಅವರು ಕೂತದ್ದು ಅಶೋಕನ ಶಾಸನದ ಮೇಲೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಇಲ್ಲಿ, ಪಕ್ಕದ ಸಿದ್ದಾಪುರದಲ್ಲಿ, ಬ್ರಹ್ಮಗಿರಿಯಲ್ಲಿ ಒಂದೇ ಶಾಸನದ ಮೂರು ಪ್ರತಿ ಗುರುತಿಸಿದರು. ಇಲ್ಲಿನದು ಬಹಳ ಸವೆದಿದೆ. ಬಗ್ಗಿ ಕಣ್ಣು ಕಿರಿದು ಮಾಡಿ ನೋಡುತ್ತೇನೆ, ಒಂದು ಗೀರು ಅಕ್ಷರವೋ ಬಿರುಕೋ ತಿಳಿಯದು. ಕರಡು ತಿದ್ದುವವನಿಗೆ ಇಂಥ ಅವಮಾನ ಬೇರೆ ಬೇಕೇ? ಗುರು ಮೊಣಕಾಲೂರಿ ಕೂತು ಬೆರಳಾಡಿಸಿದ. "ಇಲ್ಲೊಂದು ಐತಣ್ಣಾ. ಇಲ್ಲೊಂದು." ನನ್ನ ಬೆರಳನ್ನೂ ಹಿಡಿದು ಇರಿಸಿದ. ಹೌದು, ಒಂದು ತಗ್ಗು.

ಅದರಲ್ಲಿ ಏನಿದೆಯೆಂದು ಕೇಳಿದ. ಓದಿಕೊಂಡದ್ದನ್ನು ಹೇಳಿದೆ. ದೊರೆ ಉಪಾಸಕನಾಗಿ ಎರಡೂವರೆ ವರ್ಷ ದಾಟಿತಂತೆ, ಒಂದು ವರ್ಷ ಅಷ್ಟೇನೂ ಶ್ರಮಪಡಲಿಲ್ಲವಂತೆ, ಸಂಘದ ಸಹವಾಸವಾದ ಮೇಲೆ ಚೆನ್ನಾಗಿ ದುಡಿದನಂತೆ. ಹೊಸ ದಾರಿ ಹಿಡಿದು ಮೊದಲ ವರ್ಷ ಸೋಮಾರಿಯಾಗಿದ್ದೆನೆಂದು ಚಕ್ರವರ್ತಿಯೇ ಕಲ್ಲಿನಲ್ಲಿ ಬರೆಸಿರುವಾಗ ನನ್ನ ಕಂಡಿಕೆಗಳ ಕತೆ ಏನು ಮಹಾ! ಕೊನೆಗೆ ಇನ್ನೊಂದು ಮಾತಿದೆ: ಶಿಷ್ಯನಾದವನು ಆಚಾರ್ಯನಿಗೆ ಮರ್ಯಾದೆ ಕೊಡಬೇಕು. ಗುರು ಸ್ವಲ್ಪ ಹೊತ್ತು ಯೋಚಿಸಿದ. "ಹಂಗಾರೆ ನಾಳೆಯಿಂದ ಟೀ ನೀವೇ ತರಬೇಕಣ್ಣಾ."

ಬರೆದವನ ಹೆಸರು ಚಪಡ. ಊರೆಲ್ಲ ಓದಲೆಂದು ಬ್ರಾಹ್ಮಿಯಲ್ಲಿ ಎಡದಿಂದ ಬಲಕ್ಕೆ ಬರೆದವನು, ಲಿಪಿಕಾರ ಎಂದು ತನ್ನ ಕಸುಬು ಹೇಳುವಾಗ ಮಾತ್ರ ಖರೋಷ್ಠಿಗೆ ಹೊರಳಿ ಬಲದಿಂದ ಎಡಕ್ಕೆ ಬರೆದ. ಖರೋಷ್ಠಿ ದೇಶದ ವಾಯವ್ಯ ಮೂಲೆಯ ಲಿಪಿ, ಆ ಕಡೆಯಲ್ಲಿ ಪಳಗಿದ ಕೈಯಿರಬೇಕು. ಇಲ್ಲಿಂದ ಪೂರ್ವಕ್ಕೆ, ಕರ್ನೂಲು ಜಿಲ್ಲೆಯ ಯರ್ರಗುಡಿಯಲ್ಲಿ ಇನ್ನೂ ತಮಾಷೆ: ಅಲ್ಲಿನ ಶಾಸನದಲ್ಲಿ ಕೆಲವು ಸಾಲುಗಳು ಎಡದಿಂದ ಹೋಗಿ ಬಲದಿಂದ ಹಿಂದಿರುಗುತ್ತವೆ. ಇದನ್ನು ಬಂಡೆಯ ಮೇಲೆ ಬೆರಳಿಂದ ಗೀಚಿ ತೋರಿಸಿದೆ. ಗುರುವಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಲಾಳಿ ಹಂಗೇ ಅಲ್ವಾ ಹೋಗೋದು?"

ಮರುದಿನ ಬೆಳಿಗ್ಗೆ ಟೀ ನಾನೇ ತಂದೆ. ಗುರುವಿನ ತಾಯಿ ಮೊಮ್ಮಗಳಿಂದ ನನ್ನ ಒಂದು ಕಂಡಿಕೆ ಇಸಿದುಕೊಂಡು, ಹೆಬ್ಬೆರಳಿನಿಂದ ಒತ್ತಿ ನೋಡಿ, ಏನೂ ಹೇಳದೆ ಲಾಳಿಯೊಳಗೆ ಕೂರಿಸಿದರು. ಆಮೇಲೆ ಮಗನ ಎಡಗಡೆ ಒಂದು ಗೋಣಿ ಮಡಿಸಿ ಹಾಸಿದರು. ಕೂತೆ. ಸೊಂಟ ಒಪ್ಪಲಿಲ್ಲ. ಬದನೆ ಬಣ್ಣದ ಒಡಲು, ಹಸಿರು ಅಂಚು, ಅಂಗೈಯಗಲದ ಅಂಚಿನಲ್ಲಿ ನನ್ನ ಲಾಳಿ ಓಡಬೇಕಾದ ದಾರಿ ನಾಲ್ಕೇ ಬೆರಳು. ಗುಂಡಿಯೊಳಗೆ ಅವನ ಕಾಲು ಒತ್ತುತ್ತದೆ, ಎಳೆಗಳು ಬಾಯಿ ತೆರೆಯುತ್ತವೆ.

"ಹಾಕ್ರಣ್ಣಾ" ಎನ್ನುತ್ತಾನೆ.

ಹಾಕುತ್ತೇನೆ. ಅಚ್ಚು ಬಂದು ಬಡಿಯುತ್ತದೆ.